ಗಡಿಯಾರದ ಮುಳ್ಳು ಯಾರ ಕೈಯಲ್ಲಿ?

ಅಂಗಡಿಯ ತಕ್ಕಡಿಗೂ ತೂಕದ ಬಟ್ಟುಗಳಿಗೂ ಮುದ್ರೆ ಒತ್ತುವ ಕಾಯ್ದೆಯ ವ್ಯಾಪ್ತಿಗೆ ಈಗ ಗಡಿಯಾರವನ್ನೂ ತರುವ ಪ್ರಯತ್ನ ನಡೆದಿದೆ. 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 'ಕಾನೂನು ಮಾಪನಶಾಸ್ತ್ರ (ಭಾರತೀಯ ಪ್ರಮಾಣಿತ ಸಮಯ) ನಿಯಮಗಳು, 2024' ಎಂಬ ಕರಡನ್ನು ಪ್ರಕಟಿಸಿ, ಫೆಬ್ರವರಿ 14ರೊಳಗೆ ಅಭಿಪ್ರಾಯ ತಿಳಿಸುವಂತೆ ಸಾರ್ವಜನಿಕರನ್ನು ಕೋರಿತು. ದೇಶದ ಕಾನೂನು, ಆಡಳಿತ ಮತ್ತು ವಾಣಿಜ್ಯ ವ್ಯವಹಾರಗಳೆಲ್ಲವೂ ಭಾರತೀಯ ಕಾಲಮಾನವನ್ನೇ ಆಧರಿಸಬೇಕು, ಅನುಮತಿ ಇಲ್ಲದೆ ಬೇರೆ ಕಾಲಮಾನವನ್ನು ಬಳಸಕೂಡದು ಎಂಬುದು ಅದರ ತಿರುಳು. ಖಗೋಳಶಾಸ್ತ್ರ, ನೌಕಾಯಾನ, ವೈಜ್ಞಾನಿಕ ಸಂಶೋಧನೆಗಳಿಗೆ ವಿನಾಯಿತಿ ಉಂಟು. ಅದಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು. 'ಒಂದು ದೇಶ, ಒಂದು ಸಮಯ' ಎಂಬ ಘೋಷಣೆ ಕೇಳಲು ಸೊಗಸಾಗಿದೆ. ಭಾರತದಲ್ಲಿ ಇರುವುದೇ ಒಂದು ಸಮಯವಲ್ಲವೇ, ಇದಕ್ಕೆ ನಿಯಮವೇಕೆ ಎಂದು ಓದುಗರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಗೋಡೆಯ ಗಡಿಯಾರದಲ್ಲಿಲ್ಲ, ಕಂಪ್ಯೂಟರಿನ ಒಳಗಿದೆ.

ನಮ್ಮ ಕೈಯಲ್ಲಿರುವ ಮೊಬೈಲ್ ಫೋನು ತೋರಿಸುವ ಸಮಯವು ಸರ್ಕಾರದ ರಾಜ್ಯಪತ್ರದಿಂದ ನೇರವಾಗಿ ಬಂದದ್ದಲ್ಲ. ಅದರೊಳಗೆ ಅಡಗಿರುವ ಒಂದು ಕೋಷ್ಟಕದಿಂದ ಬಂದದ್ದು. ಸರ್ಕಾರ ಹೇಳುವುದೂ ಕೋಷ್ಟಕ ಹೇಳುವುದೂ ಒಂದೇ ಆಗಿರುವವರೆಗೆ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಅವೆರಡೂ ಬೇರೆಯಾದರೆ ಏನಾಗುತ್ತದೆ ಎಂಬುದನ್ನು 2023ರ ಮಾರ್ಚಿನಲ್ಲಿ ಲೆಬನಾನ್ ದೇಶ ಅನುಭವಿಸಿತು.

ಅಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಿಡುವುದು ವಾಡಿಕೆ. ಆ ವರ್ಷ ರಂಜಾನ್ ಮಾಸ ಅದೇ ವೇಳೆಗೆ ಬಂದಿತ್ತು. ಹಂಗಾಮಿ ಪ್ರಧಾನಿ ನಜೀಬ್ ಮಿಕಾಟಿ ಅವರು, ಬದಲಾವಣೆಯನ್ನು ರಂಜಾನ್ ಮುಗಿಯುವವರೆಗೆ ಮುಂದೂಡಲಾಗಿದೆ ಎಂದು ಮಾರ್ಚ್ 23ರಂದು ಪ್ರಕಟಿಸಿದರು. ಬದಲಾವಣೆಗೆ ಉಳಿದಿದ್ದದ್ದು ಮೂರೇ ದಿನ. ಮಾರೊನೈಟ್ ಚರ್ಚ್ ಈ ಆದೇಶವನ್ನು ಒಪ್ಪಲಿಲ್ಲ; ಕೆಲವು ದೂರದರ್ಶನ ವಾಹಿನಿಗಳೂ ಒಪ್ಪಲಿಲ್ಲ. ಭಾನುವಾರ ಬೆಳಗಾದಾಗ ಪುಟ್ಟ ದೇಶವೊಂದರಲ್ಲಿ ಎರಡು ಸಮಯಗಳಿದ್ದವು. ಇವರ ಒಂಬತ್ತು ಗಂಟೆ ಅವರ ಹತ್ತು ಗಂಟೆ. ಫೋನುಗಳು ತಮ್ಮ ಹಳೆಯ ಕೋಷ್ಟಕದಂತೆ ತಾವಾಗಿಯೇ ಮುಂದೆ ಸರಿದವು. ದೂರವಾಣಿ ಸಂಸ್ಥೆಗಳು, ಸಮಯವನ್ನು ಕೈಯಿಂದಲೇ ಹೊಂದಿಸಿಕೊಳ್ಳಿ ಎಂದು ಗ್ರಾಹಕರಿಗೆ ಸಂದೇಶ ಕಳುಹಿಸಬೇಕಾಯಿತು. ವಿಷಯ ಮತೀಯ ಬಣ್ಣ ಪಡೆಯಲು ತಡವಾಗಲಿಲ್ಲ. ಮಾರ್ಚ್ 27ರಂದು ಸಚಿವ ಸಂಪುಟ ಸಭೆ ಸೇರಿ ನಿರ್ಧಾರವನ್ನು ಹಿಂದಕ್ಕೆ ಪಡೆಯಿತು. 29ರ ಮಧ್ಯರಾತ್ರಿ ಗಡಿಯಾರಗಳು ಮುಂದೆ ಸರಿದವು.

ಇದರಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಜಗತ್ತಿನ ಸಮಯವಲಯಗಳ ಕೋಷ್ಟಕವನ್ನು ನಿರ್ವಹಿಸುವವರು 23ರಂದೇ ಲೆಬನಾನಿನ ಹೊಸ ಆದೇಶವನ್ನು ಸೇರಿಸಿ ಪರಿಷ್ಕೃತ ಆವೃತ್ತಿ ಹೊರಡಿಸಿದ್ದರು. ಸರ್ಕಾರ ಹಿಂದೆ ಸರಿಯುತ್ತಿದ್ದಂತೆ 28ರಂದು ಮತ್ತೊಂದು ಆವೃತ್ತಿ ಹೊರಡಿಸಿ ಎಲ್ಲವನ್ನೂ ಮೊದಲಿನಂತೆ ಮಾಡಿದರು. ಹೀಗಾಗಿ ಇಂದು ಕಂಪ್ಯೂಟರನ್ನು ಕೇಳಿದರೆ, ಲೆಬನಾನಿನಲ್ಲಿ ಆ ವರ್ಷ ಎಂದಿನಂತೆ ಮಾರ್ಚ್ 26ರಂದೇ ಸಮಯ ಬದಲಾಯಿತು ಎನ್ನುತ್ತದೆ. ನಾಲ್ಕು ದಿನಗಳ ಅಧಿಕೃತ ಸಮಯಕ್ಕೆ ಗಣಕದ ಸ್ಮೃತಿಯಲ್ಲಿ ಜಾಗವೇ ಸಿಗಲಿಲ್ಲ. ದೇಶವೊಂದರ ಸಮಯವನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಇಷ್ಟು ಸ್ಪಷ್ಟವಾಗಿ ಎದ್ದದ್ದು ಅಪರೂಪ.

ಎಣಿಕೆ ಒಂದು, ತೋರಿಕೆ ಹಲವು

ಕಂಪ್ಯೂಟರಿಗೆ ಬೆಳಗು, ಬೈಗುಗಳ ಅರಿವಿಲ್ಲ. ಅದಕ್ಕೆ ಗೊತ್ತಿರುವುದು ಎಣಿಕೆ ಮಾತ್ರ. ಯುನಿಕ್ಸ್ ಸಂಪ್ರದಾಯದ ಯಂತ್ರಗಳು, ಅಂದರೆ ಇಂದಿನ ಬಹುಪಾಲು ಸರ್ವರುಗಳು ಮತ್ತು ಫೋನುಗಳು, 1970ರ ಜನವರಿ 1ರ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳನ್ನು ಲೆಕ್ಕವಿಡುತ್ತವೆ. ಆ ಮಧ್ಯರಾತ್ರಿ ನಮ್ಮದಲ್ಲ, ಯುಟಿಸಿ ಎಂದು ಕರೆಯಲಾಗುವ ಸಾರ್ವತ್ರಿಕ ಸಮಯದ್ದು. 2000ನೇ ಇಸವಿ ಹುಟ್ಟಿದ ಗಳಿಗೆಯಲ್ಲಿ ಈ ಎಣಿಕೆ 94,66,84,800 ಆಗಿತ್ತು. ಅದೇ ಸಂಖ್ಯೆಯನ್ನು ಲಂಡನ್ನಿನ ಯಂತ್ರ ಮಧ್ಯರಾತ್ರಿ ಎಂದೂ, ಬೆಂಗಳೂರಿನ ಯಂತ್ರ ಬೆಳಗಿನ ಐದೂವರೆ ಎಂದೂ, ನ್ಯೂಯಾರ್ಕಿನ ಯಂತ್ರ ಹಿಂದಿನ ದಿನದ ಸಂಜೆ ಏಳು ಗಂಟೆ ಎಂದೂ ತೋರಿಸುತ್ತದೆ. ಒಳಗಿನ ಎಣಿಕೆ ಒಂದೇ, ಹೊರಗಿನ ತೋರಿಕೆ ಬೇರೆ ಬೇರೆ. ಹಳೆಯ 32 ಬಿಟ್ ಯಂತ್ರಗಳಲ್ಲಿ ಈ ಎಣಿಕೆಗೆ ಇಟ್ಟಿರುವ ಜಾಗ 2038ರ ಜನವರಿ 19ರಂದು, ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ; ಅದು ಪ್ರತ್ಯೇಕ ಲೇಖನಕ್ಕೆ ವಸ್ತು.

ಎಣಿಕೆಯನ್ನು ತೋರಿಕೆಯಾಗಿ ಪರಿವರ್ತಿಸುವುದು ಮೇಲೆ ಹೇಳಿದ ಕೋಷ್ಟಕ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಆರ್ಥರ್ ಡೇವಿಡ್ ಓಲ್ಸನ್ ಎಂಬುವರು 1980ರ ದಶಕದಲ್ಲಿ ಇದನ್ನು ಆರಂಭಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಎಗ್ಗರ್ಟ್ ಇದನ್ನು ಬೆಳೆಸಿದರು. ಯಾವ ದೇಶ ಎಂದು ಎಷ್ಟು ತಾಸು ಸರಿಯಿತು, ಎಂದು ಮರಳಿತು ಎಂಬುದನ್ನು ಪತ್ರಿಕಾ ವರದಿ, ರಾಜ್ಯಪತ್ರ, ಹಳೆಯ ಪಂಚಾಂಗಗಳಿಂದ ಹೆಕ್ಕಿ ತಂದು ಜೋಡಿಸುವವರು ಸ್ವಯಂಸೇವಕರು. ಇದಕ್ಕೆ ಯಾವ ಅಂತಾರಾಷ್ಟ್ರೀಯ ಒಪ್ಪಂದದ ಆಧಾರವೂ ಇಲ್ಲ. 2011ರಲ್ಲಿ ಜ್ಯೋತಿಷ್ಯ ತಂತ್ರಾಂಶ ಮಾರುವ ಅಮೆರಿಕದ ಆಸ್ಟ್ರೋಲೇಬ್ ಎಂಬ ಕಂಪೆನಿ, ಹಳೆಯ ಸಮಯ ಬದಲಾವಣೆಗಳ ವಿವರ ತನ್ನ ಸ್ವತ್ತು ಎಂದು ಇವರಿಬ್ಬರ ಮೇಲೆ ದಾವೆ ಹೂಡಿತು. ಜಗತ್ತಿನ ಕಂಪ್ಯೂಟರುಗಳು ಆಧರಿಸಿದ್ದ ಕಡತ ಕೆಲವು ದಿನಗಳ ಕಾಲ ಅಂತರ್ಜಾಲದಿಂದ ಮಾಯವಾಗಿತ್ತು. ಮರುವರ್ಷ ಫೆಬ್ರವರಿಯಲ್ಲಿ ಕಂಪೆನಿ ಕ್ಷಮೆ ಕೇಳಿ ದಾವೆ ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಕೋಷ್ಟಕದ ಹೊಣೆ, ಅಂತರ್ಜಾಲದ ವಿಳಾಸಗಳನ್ನು ನೋಡಿಕೊಳ್ಳುವ ಐಯಾನಾ ಸಂಸ್ಥೆಯ ಆಶ್ರಯಕ್ಕೆ ಬಂದಿತ್ತು.

ಈ ಕೋಷ್ಟಕದಲ್ಲಿ ಭಾರತದ ಹೆಸರು 'ಏಷ್ಯಾ/ಕೋಲ್ಕತಾ'. ಒಂದು ವಲಯಕ್ಕೆ ಅಲ್ಲಿನ ದೊಡ್ಡ ನಗರವೊಂದರ ಹೆಸರಿಡುವುದು ಪದ್ಧತಿ. ಆ ನಗರ 2001ರಲ್ಲಿ ಹೆಸರು ಬದಲಿಸಿಕೊಂಡರೂ ಕೋಷ್ಟಕದಲ್ಲಿ 2008ರವರೆಗೆ 'ಕಲ್ಕಟ್ಟಾ' ಎಂದೇ ಇತ್ತು. ಹಳೆಯ ಹೆಸರು ಇಂದಿಗೂ ಕೆಲವು ತಂತ್ರಾಂಶಗಳಲ್ಲಿ ಇಣುಕುತ್ತದೆ. ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿದೆ. ಆ ಪಟ್ಟಿಯನ್ನು ಬಳಸುವ ತಂತ್ರಾಂಶಗಳನ್ನು ಬರೆಯುವ ಬೆಂಗಳೂರಿಗೆ ಅಲ್ಲಿ ಸ್ಥಾನವಿಲ್ಲ ಎಂಬುದು ವಿನೋದದ ಮಾತು. ವಿನೋದವಲ್ಲದ ಪ್ರಸಂಗವೂ ಉಂಟು. ವಿಂಡೋಸ್ 95ರಲ್ಲಿ ಸಮಯವಲಯ ಆರಿಸಲು ಕೊಟ್ಟಿದ್ದ ಭೂಪಟದಲ್ಲಿ ಕಾಶ್ಮೀರದ ಕೆಲವೇ ಚುಕ್ಕೆಗಳಿಗೆ ಬೇರೆ ಛಾಯೆಯ ಹಸಿರು ಬಣ್ಣವಿತ್ತು. ಅದರಿಂದಾಗಿ ಭಾರತದಲ್ಲಿ ಸುಮಾರು ಎರಡು ಲಕ್ಷ ಪ್ರತಿಗಳನ್ನು ಹಿಂಪಡೆಯಬೇಕಾಯಿತೆಂದು ಕಂಪೆನಿಯ ಅಧಿಕಾರಿಯೊಬ್ಬರೇ 2004ರಲ್ಲಿ ಹೇಳಿದ್ದರು. ಸಮಯ ತೋರಿಸಲು ಹೊರಟ ತಂತ್ರಾಂಶ ಗಡಿವಿವಾದದಲ್ಲಿ ಸಿಲುಕಿಕೊಂಡಿತ್ತು.

ನಮ್ಮ ಐದೂವರೆ ತಾಸು

ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶ ಅದಕ್ಕೆ ಆಧಾರ. ಅದಕ್ಕೆ ಮುನ್ನ ರೈಲ್ವೆಯವರು ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದರು. ಹೊಸ ಕಾಲಮಾನವನ್ನು ಎಲ್ಲರೂ ಒಮ್ಮೆಲೇ ಒಪ್ಪಿಕೊಳ್ಳಲಿಲ್ಲ; ಕಲ್ಕತ್ತೆ ತನ್ನದೇ ಸಮಯವನ್ನು 1948ರವರೆಗೆ, ಮುಂಬಯಿ 1955ರವರೆಗೆ ಉಳಿಸಿಕೊಂಡಿದ್ದವು. ಮುಂಬಯಿಯ ಗಡಿಯಾರ ದೇಶದ ಗಡಿಯಾರಕ್ಕಿಂತ 39 ನಿಮಿಷ ಹಿಂದಿತ್ತು. ಕೋಷ್ಟಕದಲ್ಲಿ ಮುಂಬಯಿಗೆ ಪ್ರತ್ಯೇಕ ಸಾಲಿಲ್ಲ, ಏಕೆಂದರೆ 1970ರ ನಂತರ ವ್ಯತ್ಯಾಸವಿರುವ ಪ್ರದೇಶಗಳಿಗೆ ಮಾತ್ರ ಬೇರೆ ಸಾಲು ಎಂಬುದು ಅದರ ನಿಯಮ. ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವರೆಗೆ, ಇಡೀ ದೇಶದ ಗಡಿಯಾರ ಒಂದು ತಾಸು ಮುಂದಿತ್ತು. ಇದು ಬರಿಯ ಇತಿಹಾಸವಲ್ಲ. 1944ರಲ್ಲಿ ಬೆಳಿಗ್ಗೆ ಆರೂಕಾಲಕ್ಕೆ ಹುಟ್ಟಿದವರೆಂದು ಮನೆಯ ಪುಸ್ತಕದಲ್ಲಿ ಬರೆದಿದ್ದರೆ, ಇಂದಿನ ಲೆಕ್ಕದಲ್ಲಿ ಅದು ಐದೂಕಾಲು. ಲಗ್ನವೊಂದರ ಅವಧಿ ಸರಾಸರಿ ಎರಡು ತಾಸು. ಯುದ್ಧಕಾಲದ ಈ ತಾಸನ್ನು ಅರಿಯದ ತಂತ್ರಾಂಶ ಅಜ್ಜನ ಕುಂಡಲಿಯಲ್ಲಿ ಲಗ್ನವನ್ನೇ ಬದಲಿಸಿಬಿಡಬಲ್ಲದು. ಜ್ಯೋತಿಷ್ಯದಲ್ಲಿ ನಂಬಿಕೆ ಇರುವುದು, ಇಲ್ಲದಿರುವುದು ಅವರವರಿಗೆ ಬಿಟ್ಟದ್ದು; ಗಣಿತ ತಪ್ಪಬಾರದಷ್ಟೆ.

ದೇಶಾಂತರ ಸಂಸ್ಕಾರ ಎಂಬುದು ನಮ್ಮ ಪಂಚಾಂಗಕರ್ತರಿಗೆ ಹೊಸದೇನಲ್ಲ. ಉಜ್ಜಯಿನಿಯ ರೇಖೆಯಿಂದ ಊರು ಎಷ್ಟು ದೂರವಿದೆ ಎಂಬುದನ್ನು ಹಿಡಿದು ಘಟಿ, ವಿಘಟಿಗಳನ್ನು ಕೂಡಿಸುವುದು, ಕಳೆಯುವುದು ಅವರಿಗೆ ಬಾಯಿಪಾಠ. ಬೆಂಗಳೂರಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ತಡ, ಮಂಗಳೂರಿನ ಸೂರ್ಯ ಅರ್ಧ ತಾಸು ತಡ. ಸೂರ್ಯನನ್ನು ಬಿಟ್ಟು ಸರ್ಕಾರವನ್ನು ಅನುಸರಿಸಲು ಹೊರಟಾಗಲೇ ಸಮಯಕ್ಕೆ ರಾಜಕೀಯ ಅಂಟಿಕೊಂಡದ್ದು.

1945ರ ನಂತರ ಭಾರತದ ಪ್ರಮಾಣಿತ ಸಮಯ ಒಮ್ಮೆಯೂ ಕದಲಿಲ್ಲ. ಇದು ನಮ್ಮ ಭಾಗ್ಯ. ಇದೇ ಭಾಗ್ಯ ನಮ್ಮ ತಂತ್ರಾಂಶಕಾರರಲ್ಲಿ ಒಂದು ಸೋಮಾರಿತನವನ್ನೂ ಬೆಳೆಸಿದೆ ಎಂದರೆ ಅತಿಶಯೋಕ್ತಿಯಲ್ಲ. ಕೋಷ್ಟಕವನ್ನು ಕೇಳುವ ಗೋಜಿಗೆ ಹೋಗದೆ ಐದೂವರೆ ತಾಸು ಕೂಡಿಸಿದರೆ ಮುಗಿಯಿತು ಎಂಬ ರೂಢಿ ಇಲ್ಲಿ ಬೇರೂರಿದೆ. ಅಷ್ಟನ್ನೂ ಕೂಡಿಸದೆ ಬಿಟ್ಟಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಬಾಡಿಗೆಗೆ ಪಡೆಯುವ ಸರ್ವರುಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ನಡೆಯುತ್ತವೆ. ಅವುಗಳ ಪಾಲಿಗೆ ದಿನ ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ. ಹಾಲು ಉತ್ಪಾದಕರ ಸಂಘವೊಂದರಲ್ಲಿ ಬೆಳಿಗ್ಗೆ ಐದಕ್ಕೆ ಒಬ್ಬ ರೈತ, ಆರಕ್ಕೆ ಇನ್ನೊಬ್ಬ ರೈತ ಹಾಲು ಅಳೆದರೆಂದು ಇಟ್ಟುಕೊಳ್ಳೋಣ. ಪರಿವರ್ತನೆ ಮರೆತ ತಂತ್ರಾಂಶದಲ್ಲಿ ಮೊದಲಿನವನ ಹಾಲು ನಿನ್ನೆಯ ಲೆಕ್ಕಕ್ಕೂ ಎರಡನೆಯವನದು ಇಂದಿನ ಲೆಕ್ಕಕ್ಕೂ ಸೇರುತ್ತದೆ. ನಸುಕಿನಲ್ಲೇ ವಹಿವಾಟು ಮುಗಿಸುವ ಹೂವಿನ ಮಾರುಕಟ್ಟೆಗೂ ಇದೇ ಗತಿ. ಜನ್ಮದಿನಾಂಕವನ್ನು ಮಧ್ಯರಾತ್ರಿಯ ಗಳಿಗೆಯೆಂದು ದಾಖಲಿಸಿ, ಅದನ್ನು ಯುಟಿಸಿಗೆ ತಿರುಗಿಸಿದರೆ ಹಿಂದಿನ ದಿನದ ಸಂಜೆ ಆರೂವರೆಯಾಗುತ್ತದೆ. 15ರಂದು ಹುಟ್ಟಿದ ಮಗು ಕಡತದಲ್ಲಿ 14ರಂದು ಹುಟ್ಟುತ್ತದೆ. ಅರ್ಜಿ ಸಲ್ಲಿಸಲು ಇಂಥ ದಿನ ಕೊನೆ ಎಂದಷ್ಟೇ ಬರೆದು, ಯಾವ ಗಂಟೆ, ಯಾವ ಕಾಲಮಾನ ಎಂದು ಬರೆಯದ ಪ್ರಕಟಣೆಗಳು ಉದ್ಯೋಗಾಕಾಂಕ್ಷಿಗಳನ್ನು ಎಷ್ಟು ಗೋಳು ಹುಯ್ದುಕೊಂಡಿವೆಯೋ!

ಹೊರದೇಶದ ವ್ಯವಹಾರಕ್ಕೆ ಬಂದರೆ ಐದೂವರೆಯ ಸರಳತೆ ಅಲ್ಲಿಗೇ ಮುಗಿಯುತ್ತದೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಗೊತ್ತಾದ ಸಭೆ ಬೆಂಗಳೂರಿಗರಿಗೆ ಚಳಿಗಾಲದಲ್ಲಿ ಸಂಜೆ ಏಳೂವರೆಗೆ, ಬೇಸಿಗೆಯಲ್ಲಿ ಆರೂವರೆಗೆ ಬರುತ್ತದೆ. ಅಮೆರಿಕ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಸರಿಸಿದರೆ ಯುರೋಪು ಕೊನೆಯ ಭಾನುವಾರ ಸರಿಸುತ್ತದೆ; ನಡುವಿನ ಎರಡು ಮೂರು ವಾರ ಮೂರೂ ಖಂಡಗಳ ಲೆಕ್ಕ ಅಡಿಮೇಲು. ನ್ಯೂಜೆರ್ಸಿಯ ಮಗನ ಕರೆಗಾಗಿ ಕಾಯುವ ತಾಯಿಗೂ ಇದು ಗೊತ್ತಿರುವ ಸಂಗತಿಯೇ. ಗಡಿಯಾರ ಮುಂದೆ ಸರಿಯುವ ರಾತ್ರಿ ಅಮೆರಿಕದಲ್ಲಿ ಎರಡೂವರೆ ಗಂಟೆ ಎಂಬುದೇ ಇರುವುದಿಲ್ಲ. ಹಿಂದೆ ಸರಿಯುವ ರಾತ್ರಿ ಒಂದೂವರೆ ಗಂಟೆ ಎರಡು ಬಾರಿ ಬರುತ್ತದೆ. 2005ರ ಇಂಧನ ಕಾಯ್ದೆಯ ಮೂಲಕ ಅಮೆರಿಕ ಬದಲಾವಣೆಯ ದಿನಗಳನ್ನೇ 2007ರಿಂದ ಬದಲಿಸಿದಾಗ ಜಗತ್ತಿನಾದ್ಯಂತ ತಂತ್ರಾಂಶಗಳಿಗೆ ತೇಪೆ ಹಚ್ಚುವ ಕೆಲಸ ನಡೆಯಿತು. ಈ ಪದ್ಧತಿಯನ್ನೇ ಕೈಬಿಡಬೇಕೆಂದು ಐರೋಪ್ಯ ಸಂಸತ್ತು 2019ರಲ್ಲಿ ಮತ ಹಾಕಿತು, ಅಮೆರಿಕದ ಸೆನೆಟ್ 2022ರಲ್ಲಿ ಮಸೂದೆಯನ್ನು ಅಂಗೀಕರಿಸಿತು. ಎರಡೂ ಅಲ್ಲಿಗೇ ನಿಂತಿವೆ.

ಕಳೆದುಹೋದ ಘಟನೆಯನ್ನು ಯುಟಿಸಿಯಲ್ಲಿ ದಾಖಲಿಸಿದರೆ ಸಾಕು, ಮುಂದಿನ ಘಟನೆಯನ್ನು ಹಾಗೆ ದಾಖಲಿಸಕೂಡದು ಎಂಬುದು ಇದರಿಂದ ಹೊರಡುವ ಪಾಠ. ಮುಂದಿನ ವರ್ಷ ಕೈರೋದಲ್ಲಿ ಬೆಳಿಗ್ಗೆ ಹತ್ತಕ್ಕೆ ಸಭೆ ಎಂದರೆ 'ಕೈರೋ, ಹತ್ತು ಗಂಟೆ' ಎಂದೇ ಬರೆದಿಡಬೇಕು. ಇಂದಿನ ವ್ಯತ್ಯಾಸ ಹಿಡಿದು ಯುಟಿಸಿಗೆ ತಿರುಗಿಸಿಟ್ಟರೆ, ನಡುವೆ ಸರ್ಕಾರದ ಮನಸ್ಸು ಬದಲಾದಾಗ ಸಭೆ ಒಂಬತ್ತಕ್ಕೋ ಹನ್ನೊಂದಕ್ಕೋ ಸರಿಯುತ್ತದೆ. ಈಜಿಪ್ಟ್ 2016ರ ಜುಲೈನಲ್ಲಿ ಬೇಸಿಗೆ ಸಮಯವನ್ನು ಮೂರು ದಿನ ಮುಂಚೆ ರದ್ದು ಮಾಡಿತ್ತು, 2023ರಲ್ಲಿ ಮತ್ತೆ ತಂದಿತು. ಉತ್ತರ ಕೊರಿಯಾ 2015ರಲ್ಲಿ ಅರ್ಧ ತಾಸು ಹಿಂದೆ ಸರಿದು 2018ರಲ್ಲಿ ಮರಳಿತು. ಸಮೋವಾ 2011ರ ಡಿಸೆಂಬರ್ 30ನೇ ತಾರೀಖನ್ನೇ ಹಾರಿಸಿಬಿಟ್ಟಿತು. ನೆರೆಯ ಶ್ರೀಲಂಕಾ ಕೂಡ 1996ರಲ್ಲಿ ನಮ್ಮ ಸಮಯ ಬಿಟ್ಟು 2006ರಲ್ಲಿ ಮರಳಿ ಬಂದಿದೆ.

ಕರಡಿನ ಕೊರತೆ

ಇನ್ನು ನಮ್ಮ ಕರಡು ನಿಯಮಕ್ಕೆ ಬರೋಣ. ಭಾರತೀಯ ಕಾಲಮಾನದ ಪಾಲಕ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಅಲ್ಲಿನ ಪರಮಾಣು ಗಡಿಯಾರಗಳು ಯುಟಿಸಿಯನ್ನು ಹಿಡಿದಿಡುತ್ತವೆ. ಅದಕ್ಕೆ ಐದೂವರೆ ತಾಸು ಸೇರಿಸಿದ್ದೇ ನಮ್ಮ ಸಮಯ. ನಮ್ಮ ಕಂಪ್ಯೂಟರುಗಳು ಮಾತ್ರ ಬಹುಕಾಲದಿಂದ ತಮಗೆ ಸಿಕ್ಕ ವಿದೇಶಿ ಸರ್ವರುಗಳಿಂದ, ಇಲ್ಲವೇ ಅಮೆರಿಕದ ಜಿಪಿಎಸ್ ಉಪಗ್ರಹಗಳಿಂದ ವೇಳೆ ಕೇಳಿಕೊಳ್ಳುತ್ತ ಬಂದಿವೆ. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ಎನ್‌ಟಿಪಿ ಎಂಬ ವಿಧಾನ ಇದಕ್ಕೆ ಸಾಧನ. ಬ್ಯಾಂಕು, ವಿದ್ಯುತ್ ಜಾಲ, ಷೇರುಪೇಟೆ, ದೂರಸಂಪರ್ಕ ಇವೆಲ್ಲ ಪರದೇಶದ ಗಡಿಯಾರವನ್ನು ನಂಬಿ ಕೂರುವುದು ಕ್ಷೇಮವಲ್ಲ ಎಂಬ ಆತಂಕದಲ್ಲಿ ಹುರುಳಿದೆ. ಸೈಬರ್ ಅಪರಾಧದ ತನಿಖೆಯಲ್ಲಿ ಎರಡು ಸರ್ವರುಗಳ ಗಡಿಯಾರ ನಾಲ್ಕು ನಿಮಿಷ ಬೇರೆಯಾಗಿದ್ದರೆ ಯಾವುದು ಮೊದಲು ನಡೆಯಿತು ಎಂಬುದನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ. ಈ ಕಾರಣಕ್ಕೇ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಎಲ್ಲ ಗಣಕ ವ್ಯವಸ್ಥೆಗಳು ಈ ಪ್ರಯೋಗಾಲಯದ ಅಥವಾ ಎನ್‌ಐಸಿಯ ಸಮಯ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರುಗಳಿಗೆ ಹೊಂದಿಕೊಳ್ಳಬೇಕೆಂದು ಹೇಳಿತ್ತು. ಈಗ ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿಗಳ ಪ್ರಾದೇಶಿಕ ಮಾಪನ ಪ್ರಯೋಗಾಲಯಗಳಿಂದ ಸಮಯವನ್ನು ಹಂಚುವ ಯೋಜನೆ ರೂಪುಗೊಂಡಿದೆ. ಇಸ್ರೋ ಇದಕ್ಕೆ ಜೊತೆಗೂಡಿದೆ. ಅದರ ನಾವಿಕ್ ಉಪಗ್ರಹ ವ್ಯವಸ್ಥೆಯ ಸಂಚಾರ ಕೇಂದ್ರ ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲೇ ಇದೆ.

ಆಶಯ ಸರಿ. ಆದರೆ 'ಬೇರೆ ಕಾಲಮಾನ ಬಳಸಕೂಡದು' ಎಂಬ ಮಾತನ್ನು ಅಕ್ಷರಶಃ ಓದಿದರೆ ಸರ್ವರಿನ ಒಳಗಿನ ಯುಟಿಸಿ ಎಣಿಕೆಯೂ ಅಪರಾಧವಾದೀತು. ವಿಮಾನಯಾನ ನಡೆಯುವುದು ಯುಟಿಸಿಯಲ್ಲೇ. ವಿದೇಶಿ ಗ್ರಾಹಕರಿಗೆ ದುಡಿಯುವ ಬೆಂಗಳೂರಿನ ಕಚೇರಿಗಳ ಕಡತಗಳೂ ಅದರಲ್ಲೇ ಇವೆ. ಗಡಿಯಾರ ಯಾವ ಮೂಲದಿಂದ ಸರಿಹೊಂದುತ್ತದೆ, ಎಣಿಕೆ ಯಾವುದರಲ್ಲಿ ಸಂಗ್ರಹವಾಗುತ್ತದೆ, ನಾಗರಿಕನಿಗೆ ಯಾವ ಸಮಯ ಕಾಣಿಸುತ್ತದೆ – ಇವು ಮೂರು ಬೇರೆ ಸಂಗತಿಗಳು. ಮೊದಲನೆಯದನ್ನೂ ಮೂರನೆಯದನ್ನೂ ಸರ್ಕಾರ ನಿಯಂತ್ರಿಸುವುದು ನ್ಯಾಯವೇ. ನಡುವಿನದನ್ನು ತಂತ್ರಜ್ಞರಿಗೆ ಬಿಡುವುದು ಲೇಸು. ಅಂತಿಮ ನಿಯಮದಲ್ಲಿ ಈ ಭೇದ ಬಿಡಿಸಿ ಬರೆಯದಿದ್ದರೆ, ತಪಾಸಣೆಗೆ ಬರುವ ಅಧಿಕಾರಿ ಅದನ್ನು ತನಗೆ ತೋಚಿದಂತೆ ಬಿಡಿಸಿಕೊಳ್ಳುತ್ತಾನೆ.

ಇದರೊಂದಿಗೇ ಎತ್ತಬೇಕಾದ ವಿಷಯ ಈಶಾನ್ಯದ್ದು. ಅಲ್ಲಿ ಸೂರ್ಯ ನಮಗಿಂತ ಬಹು ಮುಂಚೆ ಹುಟ್ಟಿ, ಬಹು ಮುಂಚೆ ಮುಳುಗುತ್ತಾನೆ. ಅಸ್ಸಾಮಿನ ಚಹಾ ತೋಟಗಳು ಬ್ರಿಟಿಷರ ಕಾಲದಿಂದ ಒಂದು ತಾಸು ಮುಂದಿರುವ 'ಬಾಗಾನ್ ಸಮಯ'ವನ್ನು ಪಾಲಿಸುತ್ತ ಬಂದಿವೆ. 2017ರಲ್ಲಿ ಅರುಣಾಚಲದ ಮುಖ್ಯಮಂತ್ರಿ ಪೆಮಾ ಖಂಡು ಪ್ರತ್ಯೇಕ ಸಮಯವಲಯ ಕೇಳಿದರು. ಮರುವರ್ಷ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ವಿಜ್ಞಾನಿಗಳೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಅಸ್ಸಾಂ–ಬಂಗಾಳ ಗಡಿಯ ಬಳಿ ಹಾಯುವ 89 ಡಿಗ್ರಿ 52 ಮಿನಿಟ್ ರೇಖಾಂಶದಿಂದಾಚೆಗೆ ಆರೂವರೆ ತಾಸಿನ ಎರಡನೇ ವಲಯ ಸಾಧ್ಯ ಎಂದು ಬರೆದರು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಒಂದೇ ಸಮಯವನ್ನು ಕಡ್ಡಾಯಗೊಳಿಸುವ ಕರಡು ಆ ಬೇಡಿಕೆಯ ಬಾಗಿಲನ್ನು ಇನ್ನಷ್ಟು ಬಿಗಿಯುತ್ತದೆ. ಚಹಾ ತೋಟದ ಗಡಿಯಾರಕ್ಕೆ ಅದರಲ್ಲಿ ಸ್ಥಾನವುಂಟೇ ಎಂಬುದನ್ನು ಇಲಾಖೆ ಸ್ಪಷ್ಟಪಡಿಸುವುದು ಅಗತ್ಯ.

ಎರಡು ವಲಯ ಬೇಡವೆನ್ನಲು ರೈಲು ಸಂಚಾರ, ಭದ್ರತೆ ಮುಂತಾದ ಕಾರಣಗಳಿರಬಹುದು, ಅವು ಚರ್ಚಿಸತಕ್ಕವೇ. ಕಂಪ್ಯೂಟರುಗಳಿಂದ ಆಗದು ಎಂಬ ಕಾರಣವನ್ನು ಮಾತ್ರ ಯಾರೂ ಮುಂದಿಡುವಂತಿಲ್ಲ. ಗುವಾಹಟಿಯ ಹೆಸರಿನಲ್ಲಿ ಕೋಷ್ಟಕಕ್ಕೆ ಒಂದು ಸಾಲು ಸೇರಿಸಲು ಅದರ ನಿರ್ವಾಹಕರಿಗೆ ಒಂದು ದಿನವೂ ಬೇಡ. ಫೋನುಗಳಿಗೆಲ್ಲ ಆ ಸಾಲು ತಲುಪಲು ತಿಂಗಳುಗಟ್ಟಲೆ ಮುನ್ಸೂಚನೆ ಬೇಕು, ಸಾಧ್ಯವಾದರೆ ಒಂದು ವರ್ಷದ್ದು. ದೇಶದ ಹೆಸರು ಕೇಳಿದೊಡನೆ ಐದೂವರೆ ಎಂದು ಉತ್ತರಿಸುವಂತೆ ನಾವೇ ಬರೆದಿಟ್ಟಿರುವ ತಂತ್ರಾಂಶಗಳನ್ನು ಒಂದೊಂದಾಗಿ ಬಿಚ್ಚಿ ತಿದ್ದಲು ಎಷ್ಟು ವರ್ಷ ಬೇಕಾದೀತು ಎಂಬುದರ ಅಂದಾಜನ್ನು ಇದುವರೆಗೆ ಯಾವ ಇಲಾಖೆಯೂ ಜನರ ಮುಂದಿಟ್ಟಂತಿಲ್ಲ.